ಕುಂಡದ ಜೊತೆ ಊರು ಬಿಟ್ಟ ಚಿಟ್ಟೆ

ನನ್ನ ಫೋನಿನಲ್ಲಿ ಪ್ಲೇನ್ಸ್ ಕ್ಯುಪಿಡ್ ಅನ್ನೋ ಚಿಟ್ಟೆಯ ಫೋಟೊ ಒಂದಿದೆ. ಚೆನ್ನಾಗಿಯೇ ಬಂದಿದೆ. ರೆಕ್ಕೆ ಮುಚ್ಚಿಕೊಂಡು ಕೂತಿದೆ. ಬೂದು ಬಣ್ಣದ ಮೇಲೆ ಬಿಳಿ ಗೆರೆಗಳು, ಹಿಂದಿನ ರೆಕ್ಕೆಯ ಬುಡದಲ್ಲಿ ಕಪ್ಪು ಚುಕ್ಕೆಗಳು, ಅಂಚಿನಲ್ಲಿ ಒಂದು ಕಿತ್ತಳೆ ಬೊಟ್ಟು, ಅದರ ಪಕ್ಕ ಕೂದಲೆಳೆಯಷ್ಟು ತೆಳ್ಳಗಿನ ಬಾಲ. ರೆಕ್ಕೆ ಬಿಚ್ಚಿದರೆ ಗಂಡಿಗೆ ನೀಲಿ, ಹೆಣ್ಣಿಗೆ ಕಂದಿನ ಮಧ್ಯೆ ಸ್ವಲ್ಪ ನೀಲಿ. ಬೆಂಗಳೂರಿನಲ್ಲಿ ಇದೇನೂ ಅಪರೂಪದ ಚಿಟ್ಟೆಯಲ್ಲ. ಆದರೂ ಚಿಟ್ಟೆ ನೋಡುವವರ ವಾಟ್ಸಾಪ್ ಗುಂಪಿಗೆ ಹಾಕಿದ ಕೂಡಲೇ ಹೃದಯಗಳು, ಚಪ್ಪಾಳೆಗಳು ಸಾಲಾಗಿ ಬಂದವು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅದೇ ರಾತ್ರಿ ಆ ಚಿಟ್ಟೆಯ ಬಗ್ಗೆ ಇನ್ನಷ್ಟು ಓದೋಣ ಅಂತ ಕೂತೆ. ವೈಜ್ಞಾನಿಕ ಹೆಸರು ಕಿಲಾಡಿಸ್ ಪಾಂಡವ. ಈಗ ಕೆಲವರು ಲೂತ್ರೊಡಿಸ್ ಪಾಂಡವ ಅನ್ನುತ್ತಾರೆ. 1829ರಲ್ಲಿ ಹಾರ್ಸ್‌ಫೀಲ್ಡ್ ಎಂಬಾತ ಜಾವಾ ದ್ವೀಪದ ಚಿಟ್ಟೆ ನೋಡಿ ಇಟ್ಟ ಹೆಸರು. ಇಷ್ಟು ಓದುವಷ್ಟರಲ್ಲಿ ಮುಂದಿನ ಸಾಲುಗಳು ಬೇರೆ ಧಾಟಿಗೆ ತಿರುಗಿದವು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಇದು ಹೊರಗಿನಿಂದ ಬಂದ ಪಿಡುಗು. ಮಾರಿಷಸ್, ಮಡಗಾಸ್ಕರ್, ಈಜಿಪ್ಟ್, ಅರಬ್ ಎಮಿರೇಟ್ಸ್, ಜಪಾನ್, ಎಲ್ಲ ಕಡೆಯೂ ಇದು ಕರೆಯದೆ ಬಂದ ಅತಿಥಿ. ಹೋಗಿದ್ದು ತನ್ನ ರೆಕ್ಕೆಯ ಬಲದಿಂದ ಅಲ್ಲ. ಅಲಂಕಾರದ ಗಿಡಗಳ ಜೊತೆ.

ಅವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಲಂಟಾನ ಎಲ್ಲಿಂದ ಬಂತು, ಪಾರ್ಥೇನಿಯಂ ಎಲ್ಲಿಂದ ಬಂತು ಅಂತ ನಮ್ಮಲ್ಲಿ ಶಾಲೆಯ ಮಕ್ಕಳೂ ಹೇಳುತ್ತಾರೆ. ನಮ್ಮ ಕಡೆಯಿಂದ ಹೊರಗೆ ಏನೇನು ಹೋಯಿತು? ಆ ಖಾತೆ ಯಾರೂ ತೆರೆದ ಹಾಗಿಲ್ಲ.

ಗೇಟಿನ ಪಕ್ಕದ ಸೈಕಸ್

ಈ ಚಿಟ್ಟೆಗೂ ನನಗೂ ಪರಿಚಯ ಆಗಿದ್ದು ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಎರಡೂ ಬದಿಗೆ ಸಾಲಾಗಿ ಸೈಕಸ್ ಗಿಡಗಳಿವೆ. ನೀವೂ ನೋಡಿರುತ್ತೀರಿ. ಹೋಟೆಲ್ ಮುಂದೆ, ಬ್ಯಾಂಕ್ ಮುಂದೆ, ಕಲ್ಯಾಣ ಮಂಟಪದ ಮೆಟ್ಟಿಲ ಪಕ್ಕ ಇರುತ್ತಲ್ಲ, ಗಿಡ್ಡ ದಪ್ಪ ಕಾಂಡ, ಮೇಲೆ ಛತ್ರಿ ಬಿಚ್ಚಿದ ಹಾಗೆ ಗರಿಗಳು, ಅದೇ. ನರ್ಸರಿಯವರು ಸೇಗೊ ಪಾಮ್ ಅಂತಲೂ ಮಾರುತ್ತಾರೆ, ಆದರೆ ಇದು ತಾಳೆ ಜಾತಿಯದ್ದಲ್ಲ. ಹೂವೇ ಬಿಡದ, ಬಹಳ ಹಳೇ ವಂಶದ ಗಿಡ. ಸಿದ್ದಾಪುರದ ಒಂದು ನರ್ಸರಿಯಲ್ಲಿ "ಡೈನೋಸಾರ್ ಕಾಲದ್ದು ಸಾರ್, ಸಾಯಲ್ಲ" ಅಂತ ಹೇಳಿಯೇ ಬೆಲೆ ಏರಿಸಿದರು. ವಂಶ ಹಳೆಯದು ನಿಜ. ಸಾಯಲ್ಲ ಅನ್ನೋದರ ಬಗ್ಗೆ ಮುಂದೆ ಹೇಳುತ್ತೇನೆ.

ಸೈಕಸ್ ಗಿಡ ಬಾಳೆಯ ಹಾಗೆ ಒಂದೊಂದೇ ಎಲೆ ಬಿಡುವುದಿಲ್ಲ. ತಿಂಗಳುಗಟ್ಟಲೆ ಸುಮ್ನೆ ಇರುತ್ತದೆ. ಆಮೇಲೆ ಒಂದು ದಿನ ಸುಳಿಯಿಂದ ಇಡೀ ಒಂದು ಸುತ್ತು ಗರಿ ಒಟ್ಟಿಗೆ ಎದ್ದು ನಿಲ್ಲುತ್ತದೆ. ಎಳೆ ಗರಿಯ ಒಂದೊಂದು ಎಸಳೂ ಒಳಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ, ಮುಟ್ಟಿದರೆ ಮೆತ್ತಗೆ, ತಿಳಿ ಹಸಿರು, ಮೇಲೆ ತೆಳ್ಳಗೆ ರೋಮ. ಆ ಹಂತದಲ್ಲಿ ಮಾತ್ರ ಅದು ಮೃದು. ಕೆಲವೇ ವಾರಗಳಲ್ಲಿ ಬಲಿತು, ಕೈಗೆ ಚುಚ್ಚುವಷ್ಟು ಗಟ್ಟಿಯಾಗುತ್ತದೆ. ಆಮೇಲೆ ಯಾವ ಹುಳಕ್ಕೂ ಹಲ್ಲು ಊರುವುದಿಲ್ಲ. ಹಾಗಾಗಿ ಪ್ಲೇನ್ಸ್ ಕ್ಯುಪಿಡ್‌ಗೆ ಸಿಗುವ ಅವಕಾಶ ತುಂಬ ಚಿಕ್ಕದು. ಹೆಣ್ಣು ಚಿಟ್ಟೆ ಸುಳಿ ಏಳುತ್ತಿರುವಾಗಲೇ ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಹುಳು ಹತ್ತು ದಿನ ಆಚೀಚೆಯಲ್ಲಿ ತಿಂದು ಮುಗಿಸುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಮೂರು ವಾರದೊಳಗೆ ಕೆಲಸ ಆಗಿಹೋಗುತ್ತದೆ.

ನಮ್ಮ ಗೇಟಿನ ಗಿಡ ಕಳೆದ ಮಳೆಗಾಲದಲ್ಲಿ ಚಿಗುರಿದಾಗ ಇಡೀ ಸುತ್ತು ಹೋಯಿತು. ಗರಿಯ ಮಧ್ಯದ ದಂಟು ಮಾತ್ರ ಉಳಿದು, ಎಸಳುಗಳ ಜಾಗದಲ್ಲಿ ಕಂದು ಬಣ್ಣದ ಚೂರುಗಳು ನೇತಾಡುತ್ತಿದ್ದವು. ತೋಟ ನೋಡಿಕೊಳ್ಳುವ ಅಣ್ಣ ಕೋಲಾರದ ಕಡೆಯವರು. ಗಿಡದ ಮೇಲೆ ಇರುವೆಗಳು ಓಡಾಡುವುದನ್ನು ನೋಡಿ, "ಇರುವೇನೇ ತಿಂತಾ ಇರೋದು ಸಾರ್, ಬುಡಕ್ಕೆ ಪುಡಿ ಹಾಕ್ತೀನಿ" ಅಂದರು. ಬಗ್ಗಿ ನೋಡಿದೆ. ಇರುವೆಗಳು ಎಲೆ ಕಡೆ ನೋಡುತ್ತಲೂ ಇರಲಿಲ್ಲ. ದಂಟಿನ ಬಣ್ಣವೇ ಇದ್ದ, ಚಪ್ಪಟೆ ಬೆನ್ನಿನ ಒಂದು ಹುಳುವಿನ ಮೇಲೆ ಹತ್ತಿ ಇಳಿದು ಮಾಡುತ್ತಿದ್ದವು. ಒಂದು ಇರುವೆ ಹುಳುವಿನ ಹಿಂಭಾಗವನ್ನು ಮೀಸೆಯಿಂದ ತಟ್ಟಿತು. ಅಲ್ಲಿ ಸಣ್ಣ ಹನಿಯೊಂದು ಮೂಡಿತು. ಇರುವೆ ಅದನ್ನು ಕುಡಿದು, ಮತ್ತೆ ತಟ್ಟಿತು. ಈ ಜಾತಿಯ ಹುಳುಗಳ ಬೆನ್ನಿನಲ್ಲಿ ಸಿಹಿ ರಸ ಒಸರುವ ಗ್ರಂಥಿ ಇದೆ. ರಸದ ಆಸೆಗೆ ಇರುವೆಗಳು ಸುತ್ತ ಇರುತ್ತವೆ. ಅವು ಇದ್ದರೆ ಹುಳುವಿನೊಳಗೆ ಮೊಟ್ಟೆ ಇಡುವ ಪರಾವಲಂಬಿ ಕಣಜಗಳು ಹತ್ತಿರ ಬರಲು ಯೋಚಿಸುತ್ತವೆ. ನಾನು ಫೋನನ್ನು ಅಣ್ಣನ ಕೈಗೆ ಕೊಟ್ಟು ದೊಡ್ಡದು ಮಾಡಿ ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು. "ಅಂದ್ರೆ ಇರುವೆಗಳು ವಾಚ್‌ಮ್ಯಾನ್ ಕೆಲಸ ಮಾಡ್ತಾವೆ" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಅಸೋಸಿಯೇಷನ್‌ನವರಿಗೆ ಈ ಕತೆಯಲ್ಲಿ ಆಸಕ್ತಿ ಇರಲಿಲ್ಲ. ಔಷಧಿ ಹೊಡೆಸಿದರು. ಆದರೆ ಗಿಡ ಸಾಯಲಿಲ್ಲ, ಹಳೇ ಗರಿಗಳ ಮೇಲೆ ಬದುಕಿತು, ಮುಂದಿನ ಚಿಗುರು ಅರ್ಧಕ್ಕರ್ಧ ಉಳಿಯಿತು. ನಮ್ಮಲ್ಲಿ ಇದರ ಕತೆ ಹೆಚ್ಚು ಕಡಿಮೆ ಹೀಗೇ ಮುಗಿಯುತ್ತದೆ. ಗಿಡದ ಅಂದ ಕೆಡುತ್ತದೆ, ಯಾರೋ ಗೊಣಗುತ್ತಾರೆ, ಅಷ್ಟೆ. ಪಶ್ಚಿಮ ಘಟ್ಟದಲ್ಲಿ ನಮ್ಮದೇ ಸೈಕಸ್ ಇದೆ, ಸೈಕಸ್ ಸರ್ಸಿನಾಲಿಸ್. ಕೇರಳದಲ್ಲಿ ಅದರ ಬೀಜದ ವಿಷ ತೊಳೆದು ಹಿಟ್ಟು ಮಾಡಿ ತಿನ್ನುತ್ತಿದ್ದರು. ಆ ಗಿಡಕ್ಕೂ ಕಾಡಿನಲ್ಲಿ ಕುತ್ತು ಬಂದಿದೆ, ಅದು ಬೇರೆ ಕಾರಣಕ್ಕೆ. ಈ ಚಿಟ್ಟೆಯ ಜೊತೆ ಅದು ಎಷ್ಟೋ ಕಾಲದಿಂದ ಏಗಿಕೊಂಡು ಬಂದಿದೆ. ಚಿಟ್ಟೆಯನ್ನು ತಿನ್ನುವವರು, ಹುಳುವಿನೊಳಗೆ ಮೊಟ್ಟೆ ಇಡುವವರು ಎಲ್ಲರೂ ಅಲ್ಲೇ ಇದ್ದಾರೆ.

ಗುವಾಮ್

ಗುವಾಮ್ ಕತೆ ಬೇರೆ. ಉದ್ದಕ್ಕೆ ಐವತ್ತು ಕಿಲೋಮೀಟರ್ ಇರುವ ದ್ವೀಪ. ಅಲ್ಲಿನ ಕಾಡಿನಲ್ಲಿ ಸೈಕಸ್ ಮೈಕ್ರೊನೇಸಿಕ ಅನ್ನೋ ಮರ ಇದೆ. ಅಲ್ಲಿನ ಚಮೋರೊ ಜನ ಅದನ್ನು ಫಾದಂಗ್ ಅನ್ನುತ್ತಾರೆ. ಅವರೂ ಅದರ ಬೀಜವನ್ನು ನೆನೆಸಿ ವಿಷ ತೆಗೆದು ಹಿಟ್ಟು ಮಾಡುತ್ತಿದ್ದರು. 2002ರ ಕಾಡಿನ ಸಮೀಕ್ಷೆಯಲ್ಲಿ ಇಡೀ ದ್ವೀಪದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಸಿಕ್ಕ ಮರ ಅದು. 2006ರಲ್ಲಿ ಅದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಮರ. ನಡುವೆ ನಾಲ್ಕೇ ವರ್ಷ.

ಏನಾಯಿತು ಅಂದರೆ, ಮೊದಲು 2003ರಲ್ಲಿ ಒಂದು ಶಲ್ಕ ಕೀಟ ಬಂತು. ಥಾಯ್ಲೆಂಡ್ ಕಡೆಯದು. ಬಿಳಿ ಸುಣ್ಣ ಬಳಿದ ಹಾಗೆ ಎಲೆಗೆ ಅಂಟಿಕೊಂಡು ರಸ ಹೀರುತ್ತದೆ. 1996ರಲ್ಲೇ ಅಮೆರಿಕದ ಮಯಾಮಿಯಲ್ಲಿ ಕಾಣಿಸಿಕೊಂಡಿತ್ತು. ಗುವಾಮ್‌ನಲ್ಲಿ ಮೊದಲು ಸಿಕ್ಕಿದ್ದು ಹೋಟೆಲುಗಳು ತುಂಬಿದ ಟುಮೊನ್ ಅನ್ನೋ ಕಡಲತೀರದಲ್ಲಿ, ಅಂದಕ್ಕೆ ನೆಟ್ಟ ಸೈಕಸ್ ಮೇಲೆ. ಅಂದರೆ ನಮ್ಮ ಗೇಟಿನ ಗಿಡದ ಜಾತಿಯದೇ. ಅಲ್ಲಿಂದ ಕಾಡಿಗೆ ಹೋಯಿತು. ಎರಡು ವರ್ಷದ ನಂತರ, 2005ರಲ್ಲಿ, ನಮ್ಮ ಪಾಂಡವ ಕಂಡಿತು.

ಮರಗಳನ್ನು ಹೆಚ್ಚಾಗಿ ಕೊಂದಿದ್ದು ಶಲ್ಕ ಕೀಟವೇ ಹೊರತು ಚಿಟ್ಟೆಯಲ್ಲ. ಆದರೆ ಎರಡೂ ಸೇರಿದಾಗ ಲೆಕ್ಕ ಕೂಡಿಕೊಳ್ಳುವ ರೀತಿ ಕೇಳಿ. ಶಲ್ಕ ಕೀಟ ಹಳೇ ಗರಿಗಳನ್ನು ಒಣಗಿಸುತ್ತದೆ. ಮರ ಕಾಂಡದಲ್ಲಿ ಕೂಡಿಟ್ಟ ಪಿಷ್ಟ ಖರ್ಚು ಮಾಡಿ ಹೊಸ ಸುತ್ತು ಗರಿ ಎಬ್ಬಿಸುತ್ತದೆ. ಆ ಎಳೆ ಗರಿ ಚಿಟ್ಟೆಯ ಹುಳುವಿನ ಪಾಲಾಗುತ್ತದೆ. ಮರ ಮತ್ತೆ ಕೂಡಿಟ್ಟಿದ್ದಕ್ಕೆ ಕೈ ಹಾಕುತ್ತದೆ. ಹೀಗೆ ಎಷ್ಟು ಸಲ? ನಮ್ಮ ಗೇಟಿನ ಗಿಡ ಬದುಕಿದ್ದು ಹಳೇ ಗರಿ ಗಟ್ಟಿಯಾಗಿ ಉಳಿದಿದ್ದರಿಂದ. ಗುವಾಮ್‌ನ ಮರಕ್ಕೆ ಅದೂ ಇಲ್ಲ. ಶಲ್ಕ ಕೀಟವನ್ನು ತಿನ್ನಲು ಒಂದು ಪುಟ್ಟ ಗುಲಗಂಜಿ ಹುಳ ತಂದು ಬಿಟ್ಟರು. ದೊಡ್ಡ ಮರಗಳಿಗೆ ಅದರಿಂದ ಉಸಿರಾಡಲು ಜಾಗ ಸಿಕ್ಕಿತು. ಆದರೆ ಆ ಹುಳಕ್ಕೆ ಮೇಲಿನ ಗರಿಗಳೇ ಇಷ್ಟ, ನೆಲಮಟ್ಟದ ಸಸಿಗಳ ಕಡೆ ಅಷ್ಟಾಗಿ ಇಳಿಯುವುದಿಲ್ಲ. ಮರ ಉಳಿದರೂ ಮರಿ ಏಳುತ್ತಿಲ್ಲ. "ಸಾಯಲ್ಲ ಸಾರ್" ಅಂದವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಚಿಟ್ಟೆಯನ್ನು ದೂರುವುದಕ್ಕೆ ಮನಸ್ಸು ಬರುವುದಿಲ್ಲ. ಅದು ಅಲ್ಲಿ ಮಾಡಿದ್ದೂ ಇಲ್ಲಿ ಮಾಡುವುದೂ ಒಂದೇ ಕೆಲಸ. ಎಳೆ ಚಿಗುರು ಹುಡುಕುತ್ತದೆ, ಮೊಟ್ಟೆ ಇಡುತ್ತದೆ. ಗುವಾಮ್‌ನಲ್ಲಿ ಸೈಕಸ್ ಚಿಗುರು ತಿನ್ನುವ ಚಿಟ್ಟೆಯೇ ಮೊದಲು ಇರಲಿಲ್ಲ. ಹಾಗಾಗಿ ಮರಕ್ಕೆ ಈ ಹುಳುವಿನ ಅಭ್ಯಾಸ ಇಲ್ಲ. ಕುಂಡದಲ್ಲಿ ಚಿಟ್ಟೆ ಬಂತು, ಅದರ ಶತ್ರುಗಳು ಹಿಂದೆಯೇ ಉಳಿದರು.

ಸುತ್ತು ಹೊಡೆದು ತವರಿಗೆ

ನನಗೆ ಅತಿ ವಿಚಿತ್ರ ಅನ್ನಿಸಿದ್ದು ಜಪಾನಿನ ಕತೆ. ನಾವು ಗೇಟಿಗೆ ನೆಡುವ ಸೈಕಸ್ ರಿವೊಲ್ಯೂಟ ನಮ್ಮ ದೇಶದ್ದಲ್ಲ. ದಕ್ಷಿಣ ಜಪಾನಿನ ದ್ವೀಪಗಳದ್ದು. 1782ರಲ್ಲಿ ಥುನ್‌ಬರ್ಗ್ ಅದಕ್ಕೆ ಹೆಸರಿಟ್ಟರು. ಆಮೇಲೆ ಅದು ಪ್ರಪಂಚದ ಎಲ್ಲ ತೋಟಗಳಿಗೂ ಹೋಯಿತು, ನಮ್ಮಲ್ಲಿಗೂ ಬಂತು. ಇಲ್ಲಿನ ಚಿಟ್ಟೆಗೆ ರುಚಿಸಿತು. ಯಾಕೆ ರುಚಿಸಬಾರದು? ಕಾಡಿನ ಸೈಕಸ್ ಚದುರಿ ಬೆಳೆಯುತ್ತದೆ, ಚಿಗುರಿಗೆ ಕಾಲ ಕಾಯಬೇಕು. ಊರಿನಲ್ಲಿ ಹಾಗಲ್ಲ. ಒಂದು ಗೇಟಿನ ಗಿಡಕ್ಕೆ ಜೂನ್‌ನಲ್ಲಿ ಗರಿ ಕತ್ತರಿಸುತ್ತಾರೆ, ಪಕ್ಕದ ಹೋಟೆಲಿನವರು ಅಕ್ಟೋಬರ್‌ನಲ್ಲಿ ಕತ್ತರಿಸುತ್ತಾರೆ, ಎಲ್ಲರೂ ಬೇಸಿಗೆಯಲ್ಲೂ ನೀರು ಹಾಕುತ್ತಾರೆ. ಎಲ್ಲೋ ಒಂದು ಕಡೆ ಚಿಗುರು ಇದ್ದೇ ಇರುತ್ತದೆ.

ಹೀಗೆ ಊರಿನ ಗಿಡಕ್ಕೆ ಒಗ್ಗಿದ ಚಿಟ್ಟೆ ಗಿಡದ ವ್ಯಾಪಾರದ ದಾರಿ ಹಿಡಿಯಿತು. ನಮ್ಮ ಬೆಂಗಳೂರಿನಿಂದಲೇ ಹೋಯಿತು ಅಂತಲ್ಲ. ಅದರ ತವರು ಶ್ರೀಲಂಕಾ, ಭಾರತದಿಂದ ಹಿಡಿದು ಇಂಡೋನೇಷ್ಯಾವರೆಗೆ ಹರಡಿದೆ. ಎಲ್ಲಿಂದಲೋ ಹೊರಟು 1992ರಲ್ಲಿ ಓಕಿನಾವಾದಲ್ಲಿ ಕಂಡಿತು. 2007ರ ಹೊತ್ತಿಗೆ ಕ್ಯೂಶು ದ್ವೀಪಕ್ಕೆ ಏರಿತು, ಆಮೇಲೆ ಇನ್ನೂ ಉತ್ತರಕ್ಕೆ. ಗಿಡ ಜಪಾನಿನಿಂದ ನಮ್ಮ ಕಡೆ ಬಂತು, ಚಿಟ್ಟೆ ನಮ್ಮ ಕಡೆಯಿಂದ ಆ ಗಿಡದ ತವರಿಗೆ ಹೋಯಿತು. ಯಾರೂ ಕಳಿಸಲಿಲ್ಲ, ಯಾರೂ ಟಿಕೆಟ್ ಕೇಳಲಿಲ್ಲ.

ಕೇಳೋದಾದರೂ ಹೇಗೆ? ಸೈಕಸ್ ಕಾಂಡದ ಸುಳಿಯ ಸುತ್ತ ಕಂದು ಬಣ್ಣದ ಉಣ್ಣೆಯಂಥ ಹೊದಿಕೆ ಇರುತ್ತದೆ. ಪ್ಯೂಪಾ ಅಲ್ಲೇ, ಗರಿಯ ಬುಡದಲ್ಲಿ ಅಡಗಿರುತ್ತದೆ. ಬೆರಳಿನಿಂದ ಬಿಡಿಸಿ ನೋಡದೆ ಕಾಣುವುದೇ ಇಲ್ಲ. ಒಂದು ಲೋಡ್ ಗಿಡಕ್ಕೆ ಯಾರು ಹಾಗೆ ನೋಡುತ್ತಾರೆ? ಹೊರದೇಶದ ಮಾತು ಬಿಡಿ, ಆಂಧ್ರದ ಕಡಿಯಂನಿಂದ ಬೆಂಗಳೂರಿಗೆ ರಾತ್ರೋರಾತ್ರಿ ಲಾರಿಯಲ್ಲಿ ಬರುವ ಗಿಡಗಳ ಜೊತೆ ಏನೇನು ಇಳಿಯುತ್ತದೆ ಅಂತ ನೋಡುವ ಗೇಟೇ ಇಲ್ಲ.

ಕಾಂಡದೊಳಗಿನ ಪ್ರಯಾಣಿಕ

ಯುರೋಪಿನವರ ಪಾಲಿಗೆ ಈ ಕತೆಯ ನಾಯಕ ಜೆರೇನಿಯಂ ಬ್ರಾಂಜ್. ದಕ್ಷಿಣ ಆಫ್ರಿಕಾದ ಕಂದು ಬಣ್ಣದ ಸಣ್ಣ ಚಿಟ್ಟೆ. ಮಡಿಕೇರಿಯ, ಊಟಿಯ ಮನೆಗಳ ಮುಂದೆ ಕುಂಡದಲ್ಲಿ ಕೆಂಪಗೆ ಬಿಡುವ ಜೆರೇನಿಯಂ ಗೊತ್ತಲ್ಲ, ಪೆಲಾರ್ಗೋನಿಯಂ, ಅದೇ ಇದರ ಊಟ. ಆ ಗಿಡ ಹದಿನೇಳನೇ ಶತಮಾನದಲ್ಲೇ ಆಫ್ರಿಕಾದ ತುದಿಯಿಂದ ಯುರೋಪಿಗೆ ಹೋಗಿತ್ತು. ಮುನ್ನೂರು ವರ್ಷ ಚಿಟ್ಟೆ ಹಿಂಬಾಲಿಸಲಿಲ್ಲ. 1990ರ ಆಸುಪಾಸಿನಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಕಾಣಿಸಿಕೊಂಡಿತು. ಆ ದಶಕ ಮುಗಿಯುವಷ್ಟರಲ್ಲಿ ಸ್ಪೇನ್, ಇಟಲಿ, ಫ್ರಾನ್ಸ್‌ಗಳ ಬಾಲ್ಕನಿಗಳನ್ನು ಹಿಡಿದಿತ್ತು. 1997ರಲ್ಲಿ ಇಂಗ್ಲೆಂಡಿನ ಲೂಯಿಸ್ ಊರಿನಲ್ಲೂ ಕಂಡಿತು, ಅಲ್ಲಿ ನೆಲೆ ನಿಲ್ಲಲಿಲ್ಲ.

ಮುನ್ನೂರು ವರ್ಷ ಬರದ್ದು ಈಗ ಯಾಕೆ ಬಂತು? ನನ್ನ ಊಹೆ ಸರಳ. ಆಗ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ, ಗಿಡ ಉಳಿಯುವುದೇ ಹೆಚ್ಚು. ಈಗ ಕತ್ತರಿಸಿದ ಕಡ್ಡಿಗಳು ಕೆಲವೇ ದಿನದಲ್ಲಿ ತಾಜಾ ಆಗಿಯೇ ತಲುಪುತ್ತವೆ. ಇದರ ಹುಳು ಮೊಗ್ಗನ್ನೋ ಕಾಂಡವನ್ನೋ ಕೊರೆದು ಒಳಗೆ ಸೇರಿಕೊಳ್ಳುತ್ತದೆ. ಹೊರಗಿನಿಂದ ಕಡ್ಡಿ ಹಸಿರಾಗಿ, ಆರೋಗ್ಯವಾಗಿಯೇ ಇರುತ್ತದೆ. ಪರೀಕ್ಷೆ ಮಾಡುವವರು ನೋಡುವುದೂ ಹೊರಗನ್ನೇ. ಗಿಡವನ್ನು ತಾಜಾ ಇಡಲು ನಾವು ಪಡುವ ಕಷ್ಟವೆಲ್ಲ ಒಳಗಿರುವವನಿಗೂ ಒಳ್ಳೆಯದೇ ಆಯಿತು.

ದೊಡ್ಡಮ್ಮನ ಬಾಳೆ ಎಲೆ

ನಮ್ಮ ಮನೆ ಬಾಗಿಲಿಗೂ ಇಂಥದ್ದು ಬಂದಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಪುತ್ತೂರು ಕಡೆ ದೊಡ್ಡಮ್ಮನ ಮನೆಯಲ್ಲಿ ಒಂದು ಪೂಜೆ. ಹಿತ್ತಲಿಗೆ ಎಲೆ ಕೊಯ್ಯಲು ಹೋದವರು ಬರಿಗೈಯಲ್ಲಿ ವಾಪಸ್ ಬಂದರು. ನಾನೂ ಹೋಗಿ ನೋಡಿದೆ. ಬಾಳೆ ಎಲೆಗಳು ಅಂಚಿನಿಂದ ನಡುದಿಂಡಿನವರೆಗೆ ಸೀಳಿ, ಪಟ್ಟಿ ಪಟ್ಟಿಯಾಗಿ ಸುರುಳಿ ಸುತ್ತಿ ನೇತಾಡುತ್ತಿದ್ದವು. ಒಂದು ಸುರುಳಿ ಬಿಚ್ಚಿದೆ. ಒಳಗೆ ಬೆರಳುದ್ದದ ಹುಳು, ಮೈಗೆಲ್ಲ ಬಿಳೀ ಹಿಟ್ಟು. ಆ ಹಿಟ್ಟು ನನ್ನ ಕೈಗೂ ಅಂಟಿತು, ಮೇಣದ ಹಾಗೆ ಜಾರುತ್ತಿತ್ತು, ನೀರಿಗೆ ಹೋಗಲಿಲ್ಲ. ದೊಡ್ಡಮ್ಮ ಜಗಲಿಯಿಂದಲೇ, "ಎಂತ ಮಾರಾಯ ಇದು, ಬಡಿಸ್ಲಿಕ್ಕೆ ಒಂದು ನೆಟ್ಟಗಿನ ಎಲೆ ಸಿಗುದಿಲ್ಲ" ಅಂತ ಗೊಣಗಿದರು. ಕೊನೆಗೆ ಪೇಟೆಯಿಂದ ಪೇಪರ್ ಎಲೆ ತಂದರು. ಆ ಮನೆಯಲ್ಲಿ ಪೇಪರ್ ಎಲೆಯಲ್ಲಿ ಉಂಡಿದ್ದು ಅದೇ ಮೊದಲು.

ಅದು ಬನಾನ ಸ್ಕಿಪ್ಪರ್ ಚಿಟ್ಟೆ, ಎರಿಯೊನೋಟ ಟೋರಸ್. ಕೆಂಪು ಕಣ್ಣು, ಕತ್ತಲಾಗುವ ಹೊತ್ತಿಗೆ ಹಾರಾಟ, ಹಾಗಾಗಿ ಹೆಚ್ಚಿನವರು ಚಿಟ್ಟೆಯನ್ನು ನೋಡಿಯೇ ಇರುವುದಿಲ್ಲ. ಈಶಾನ್ಯ ಭಾರತ ಮತ್ತು ಅದರಾಚೆಯದ್ದು. 2010ರ ದಶಕದ ಆರಂಭದಲ್ಲಿ ಕೇರಳ, ಕರ್ನಾಟಕದ ಕರಾವಳಿ ಕಡೆ ಒಮ್ಮೆಲೇ ಹೆಚ್ಚಾಯಿತು. ಬಾಳೆಯ ಕಂದುಗಳ ಜೊತೆ ಬಂದಿರಬೇಕು ಅನ್ನೋದು ಊಹೆ. ಇದರ ಹತ್ತಿರದ ನೆಂಟ ಎರಿಯೊನೋಟ ಥ್ರ್ಯಾಕ್ಸ್ 1973ರಲ್ಲಿ ಹವಾಯಿ ದ್ವೀಪಕ್ಕೆ ಬಂದಾಗ ಅಲ್ಲಿನವರು ಒಂದು ಪುಟ್ಟ ಕಣಜ ತರಿಸಿ ಬಿಟ್ಟರು, ಕೋಟೇಸಿಯ ಎರಿಯೊನೋಟೆ. ಹುಳುವಿನೊಳಗೆ ಮೊಟ್ಟೆ ಇಡುತ್ತದೆ. ಕಾಟ ಇಳಿಯಿತು. ಪಪುವಾ ನ್ಯೂಗಿನಿಯಲ್ಲೂ ಅದೇ ಕಣಜದಿಂದ ಕೆಲಸ ಆಯಿತು. ನಮ್ಮ ಕಡೆಯೂ ಆ ಕಣಜ ಸಿಕ್ಕಿದೆ. ಮೊನ್ನೆ ದೊಡ್ಡಮ್ಮನ ಮನೆಗೆ ಹೋದಾಗ ಸುರುಳಿ ಎಲೆ ಅಲ್ಲೊಂದು ಇಲ್ಲೊಂದು ಇದ್ದವು, ಊಟಕ್ಕೆ ಎಲೆ ಸಿಕ್ಕಿತು. ಸದ್ಯ, ಶತ್ರುಗಳೂ ಹಿಂದಿನಿಂದ ಬಂದು ಸೇರಿಕೊಂಡರು.

ಚೆನ್ನಾಗಿದೆ ಅನ್ನೋ ಸಮಸ್ಯೆ

ಜಿರಳೆಯೋ ಜಿಗಿಹುಳವೋ ಹೊಸದಾಗಿ ಬಂದರೆ ಎಲ್ಲರೂ ಗಾಬರಿಯಾಗುತ್ತಾರೆ. ಚಿಟ್ಟೆ ಬಂದರೆ ಫೋಟೊ ತೆಗೆಯುತ್ತಾರೆ. ನಾನೂ ಅಷ್ಟೆ. ಚಂದ ಇರುವುದೇ ಅದಕ್ಕೆ ಒಂದು ಪಾಸ್‌ಪೋರ್ಟ್ ಅಂತ ಮೊದಮೊದಲು ಅನ್ನಿಸುತ್ತಿತ್ತು. ಈಗ ಅಷ್ಟು ಖಾತ್ರಿ ಇಲ್ಲ. ಪಾಂಡವ ಚಿಟ್ಟೆ ಜಪಾನಿನಲ್ಲಿ ಯಾವ ಊರಿಗೆ ಯಾವ ವರ್ಷ ಬಂತು ಅಂತ ಅಷ್ಟು ಚೆನ್ನಾಗಿ ಗೊತ್ತಿರುವುದಕ್ಕೆ ಅಲ್ಲಿನ ಹವ್ಯಾಸಿ ಚಿಟ್ಟೆ ವೀಕ್ಷಕರೂ ಕಾರಣ. ಶಲ್ಕ ಕೀಟದ ಫೋಟೊ ತೆಗೆದು ಯಾರು ಗುಂಪಿಗೆ ಹಾಕುತ್ತಾರೆ? ಅದು ಬಂದಿದ್ದು ಗಿಡ ಸತ್ತ ಮೇಲೆ ಗೊತ್ತಾಗುತ್ತದೆ.

ನ್ಯೂಜಿಲೆಂಡ್‌ನವರು ಇದನ್ನು ಇನ್ನೊಂದು ತುದಿಗೆ ಒಯ್ದರು. 2010ರಲ್ಲಿ ನೆಲ್ಸನ್ ಊರಿನ ಒಂದು ತೋಟದಲ್ಲಿ ಗ್ರೇಟ್ ವೈಟ್ ಚಿಟ್ಟೆ ಸಿಕ್ಕಿತು, ಕೋಸು ಜಾತಿಯ ಗಿಡ ತಿನ್ನುವಂಥದ್ದು. ಹಡಗಿನ ಸರಕಿನ ಜೊತೆ ಬಂದಿರಬೇಕು. 2013ರ ಶಾಲಾ ರಜೆಯಲ್ಲಿ ಮಕ್ಕಳಿಗೆ ಒಂದು ಚಿಟ್ಟೆ ಹಿಡಿದುಕೊಟ್ಟರೆ ಹತ್ತು ಡಾಲರ್ ಅಂತ ಸಾರಿದರು. ಮಕ್ಕಳು ಬಲೆ ಹಿಡಿದು ಹೊರಟರು. ಮನೆಮನೆಯ ತೋಟ ಜಾಲಾಡಿದ್ದು ಇಲಾಖೆಯವರು. 2014ರ ಡಿಸೆಂಬರ್ ನಂತರ ಅಲ್ಲಿ ಒಂದೂ ಸಿಕ್ಕಿಲ್ಲ. ಓದುವಾಗ ಒಂದು ಕಡೆ ಸಂಕಟ, ಇನ್ನೊಂದು ಕಡೆ ಶಹಭಾಸ್ ಅನ್ನಿಸಿತು. ಎರಡೂ ನಿಜವೇ. ನಮ್ಮಲ್ಲಿ ಯಾರಾದರೂ ಹಾಗೆ ಮಾಡಿದರೆ ಗುಂಪಿನಲ್ಲಿ ನಾನೇ ಮೊದಲು ಜಗಳ ತೆಗೆಯುತ್ತೇನೆ ಅನ್ನೋದೂ ನಿಜ.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಅಕ್ಕನಿಗೆ ಈ ಪುರಾಣವೆಲ್ಲ ಗೊತ್ತು, ವಾರಕ್ಕೊಮ್ಮೆ ಕೇಳುತ್ತಾಳೆ ಪಾಪ. ಕಳೆದ ತಿಂಗಳು ಪರಿಚಯದವರು ಯಾರೋ ಅಲ್ಲಿಗೆ ಹೊರಟಿದ್ದರು. "ಅವರ ಕೈಲಿ ನಮ್ಮನೆ ಕರಿಬೇವಿನ ಒಂದು ಸಸಿ ಕಳಿಸೋ. ಪೇಪರಲ್ಲಿ ಸುತ್ತಿ ಬಟ್ಟೆ ಮಧ್ಯೆ ಇಟ್ರೆ ಆಯ್ತು" ಅಂದಳು. ಆಗಲ್ಲ ಅಂದೆ. ಕರಿಬೇವಿನ ಮೇಲೆ ಕೂರುವ ಸಿಲಿಡ್ ಅನ್ನೋ ಕೀಟ ಕಿತ್ತಳೆ ಗಿಡಗಳಿಗೆ ಹಸಿರು ರೋಗ ಹರಡುತ್ತದೆ. ಫ್ಲಾರಿಡಾದ ಕಿತ್ತಳೆ ತೋಟಗಳನ್ನು ಆ ರೋಗ ಹಾಳು ಮಾಡಿದೆ. ಕೀಟ ಅಲ್ಲಿ 1998ರಲ್ಲಿ ಬಂತು, ರೋಗ 2005ರಲ್ಲಿ ಕಂಡಿತು. ನಿಮ್ಮ ಕ್ಯಾಲಿಫೋರ್ನಿಯಾಕ್ಕೂ ಬಂದಿದೆ, ಅದಕ್ಕೇ ಅಲ್ಲಿ ಕರಿಬೇವಿನ ಗಿಡಕ್ಕೆ ಅಷ್ಟು ಕಟ್ಟುನಿಟ್ಟು ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮನೆ ಗಿಡದಲ್ಲಿ ಬರೀ ಚಿಟ್ಟೆ ಹುಳ ಕಣೋ ಇರೋದು, ನಿಂಬೆ ಚಿಟ್ಟೆ. ಒಂದು ಚಿಟ್ಟೆ ಬಂದ್ರೆ ಬರಲಿ ಬಿಡು, ಚೆನ್ನಾಗಿರುತ್ತೆ" ಅಂದಳು.

ನಿಂಬೆ ಚಿಟ್ಟೆ 2004ರಲ್ಲೇ ಕೆರಿಬಿಯನ್ ಕಡೆಯ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿ ಅಲ್ಲಿನ ನಿಂಬೆ ಸಸಿಗಳನ್ನು ತಿನ್ನುತ್ತಿದೆ, ಆಗ್ನೇಯ ಏಷ್ಯಾದ ಕಡೆಯಿಂದ ಹೋಗಿದ್ದಂತೆ, ಅಂತ ನಾನು ಶುರು ಮಾಡಿದೆ. "ಅಲ್ಲಿಂದ ಇಲ್ಲಿಗೆ ಬರೋಕೆ ಎಷ್ಟು ವರ್ಷ ಬೇಕು?" ಅಂತ ಕೇಳಿ ನಕ್ಕಳು. ಕೊನೆಗೆ ಅಲ್ಲೇ ಪರವಾನಗಿ ಇರುವ ಒಂದು ನರ್ಸರಿಯಲ್ಲಿ ಸಸಿ ಕೊಂಡಳಂತೆ. ಒಂದು ಗೇಣುದ್ದದ ಗಿಡಕ್ಕೆ ಕೊಟ್ಟ ದುಡ್ಡು ಎಷ್ಟು ಅಂತ ನನಗೆ ಇವತ್ತಿಗೂ ಹೇಳಿಲ್ಲ.